ಕಾರಿನ ಕೂಲಂಟ್ ನೋಡುವುದು, ತುಂಬುವುದು: ಕೊಡಗಿನ ಘಾಟಿ ಗಾಡಿಗಳಿಗೆ ಸಮಗ್ರ ಮಾರ್ಗದರ್ಶಿ

ಇಂಜಿನ್ನಿನ ಬಿಸಿ ಹೊತ್ತೊಯ್ಯುವ ದ್ರವವೇ ಕೂಲಂಟ್. ಅದು ಪೆಟ್ರೋಲಿನ ಹಾಗೆ ಓಡಿದಷ್ಟೂ ಖರ್ಚಾಗುವ ವಸ್ತು ಅಲ್ಲ. ಇಂಜಿನ್, ರೇಡಿಯೇಟರ್, ಹೀಟರ್, ಇವನ್ನು ಜೋಡಿಸುವ ಪೈಪುಗಳು ಎಲ್ಲ ಸೇರಿ ಒಂದು ಮುಚ್ಚಿದ ಸುತ್ತು. ಅದರೊಳಗೇ ಕೂಲಂಟ್ ತಿರುಗುತ್ತಿರುತ್ತದೆ. ವರ್ಷಕ್ಕೆ ಒಂದಿಷ್ಟು, ಕಂಡೂ ಕಾಣದಷ್ಟು ಇಳಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಿಂಗಳು ತಿಂಗಳೂ ತುಂಬಬೇಕಾಗುತ್ತಿದೆ ಅಂದರೆ ಅದು ಎಲ್ಲೋ ಹೋಗುತ್ತಿದೆ. ತುಂಬುವುದು ಐದು ನಿಮಿಷದ ಕೆಲಸ. ಎಲ್ಲಿ ಹೋಯಿತು ಅಂತ ಹುಡುಕುವುದೇ ಅಸಲಿ ಕೆಲಸ. ಇಲ್ಲಿ ಎರಡನ್ನೂ ಹೇಳುತ್ತೇನೆ. ಎರಡನೆಯದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ.

ಕೊಡಗಿನಲ್ಲಿ ಇನ್ನೊಂದು ತೊಂದರೆ ಇದೆ. ಘಾಟಿಯ ತಿರುವಿನಲ್ಲಿ ಝರಿ, ತೋಟದಲ್ಲಿ ಕೆರೆ, ಮನೆ ಹಿಂದೆ ಬಾವಿ. ಮಟ್ಟ ಇಳಿದಿದ್ದು ಕಂಡ ಕೂಡಲೇ ಕೈ ನೀರಿನ ಬಾಟಲಿಯತ್ತ ಹೋಗುತ್ತದೆ. ಸುಮ್ನೆ ನೀರು ಸುರಿದು ಮುಚ್ಚಳ ಹಾಕುವ ಈ ಅಭ್ಯಾಸದಿಂದಲೇ ನಮ್ಮ ಕಡೆಯ ಎಷ್ಟೋ ಹಳೆ ಜೀಪು, ಪಿಕಪ್‌ಗಳ ರೇಡಿಯೇಟರ್ ಒಳಗೆ ಕೆಂಪು ಕೆಸರು ಕೂತಿರುವುದು.

ಮಂಜುಗಡ್ಡೆ ಕಟ್ಟದ ಊರಿಗೆ ಕೂಲಂಟ್ ಯಾಕೆ?

ಈ ಪ್ರಶ್ನೆಯನ್ನು ತೋಟದ ಡ್ರೈವರ್‌ಗಳು ಕೇಳುತ್ತಲೇ ಇರುತ್ತಾರೆ. ಡಿಸೆಂಬರ್ ಚಳಿಯಲ್ಲೂ ಮಡಿಕೇರಿಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಕೂಲಂಟ್ ಇರುವುದು ಹೆಪ್ಪುಗಟ್ಟದ ಹಾಗೆ ತಡೆಯುವುದಕ್ಕೆ ಮಾತ್ರ ಅಲ್ಲ. ಅದು ಅಲ್ಯೂಮಿನಿಯಂ ಮತ್ತು ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ವಾಟರ್ ಪಂಪಿನ ಸೀಲ್ ಸವೆಯದಂತೆ ನೋಡಿಕೊಳ್ಳುತ್ತದೆ. ಕುದಿಯುವ ಬಿಂದುವನ್ನೂ ಮೇಲಕ್ಕೆ ತಳ್ಳುತ್ತದೆ.

ಕುದಿಯುವ ವಿಷಯ ನಮಗೆ ನೇರವಾಗಿ ತಟ್ಟುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಅಲ್ಲ, ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ ಆರೋಗ್ಯವಾಗಿದ್ದಾಗಲೇ ಅದರ ಬಿಸಿ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂದರೆ ಬರೀ ನೀರು, ಮೇಲೊಂದು ಸಡಿಲ ಮುಚ್ಚಳ ಇದ್ದರೆ ಕುದಿಯೋಕೆ ಕೆಲವೇ ಡಿಗ್ರಿ ಬಾಕಿ. ಅದೇ ಅರ್ಧ ಕೂಲಂಟ್, ಅರ್ಧ ಶುದ್ಧ ನೀರು, ಒತ್ತಡ ಹಿಡಿಯುವ ಸರಿಯಾದ ಮುಚ್ಚಳ ಇದ್ದರೆ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ.

ಈಗ ಸಂಪಾಜೆಯಿಂದ ಮಡಿಕೇರಿಗೆ ಹತ್ತುವ ದಾರಿ ನೆನಪಿಸಿಕೊಳ್ಳಿ. ಹತ್ತಿರ ಹತ್ತಿರ ಸಾವಿರ ಮೀಟರ್ ಏರು. ಗಾಡಿ ತುಂಬ ಜನ, ಎಸಿ ಆನ್, ಮುಂದೆ ಮರಳು ತುಂಬಿದ ಲಾರಿ, ನೀವು ಎರಡನೇ ಗೇರಿನಲ್ಲಿ. ಇಂಜಿನ್ ಜೋರಾಗಿ ದುಡಿಯುತ್ತಿದೆ, ವೇಗ ಇಲ್ಲದ್ದರಿಂದ ರೇಡಿಯೇಟರ್‌ಗೆ ಗಾಳಿ ಕಮ್ಮಿ. ಎಲ್ಲ ಭಾರ ಫ್ಯಾನ್ ಮತ್ತು ಕೂಲಂಟ್ ಮೇಲೆ. ಮಾಕುಟ್ಟ ಕಡೆಯಿಂದ ವಿರಾಜಪೇಟೆಗೆ ಬರುವ ದಾರಿಯದ್ದೂ ಇದೇ ಕತೆ. ಅಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ಅಷ್ಟೇ ವ್ಯತ್ಯಾಸ.

ಏನೇನು ಬೇಕು

ನಿಮ್ಮ ಗಾಡಿಗೆ ಹೊಂದುವ ಕೂಲಂಟ್ ಒಂದು ಲೀಟರ್, ಒಂದು ಚಿಕ್ಕ ಆಲಿಕೆ (ಫನಲ್), ದಪ್ಪ ಹತ್ತಿ ಬಟ್ಟೆ, ಟಾರ್ಚ್, ಬಿಳಿ ಟಿಶ್ಯೂ. ಆಲಿಕೆ ಇಲ್ಲದಿದ್ದರೆ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ ಮಾಡಿಕೊಳ್ಳಿ. ಅಡುಗೆಮನೆಯ ಆಲಿಕೆ ತರಬೇಡಿ, ಮತ್ತೆ ಅದು ಅಡುಗೆಮನೆಗೆ ಹೋಗಬಾರದು.

ಯಾವ ಕೂಲಂಟ್: ಬಣ್ಣ ನೋಡಿ ಮೋಸ ಹೋಗಬೇಡಿ

ಅಂಗಡಿಗೆ ಹೋಗಿ "ಹಸಿರು ಕೊಡಿ", "ಪಿಂಕ್ ಕೊಡಿ" ಅನ್ನುವುದು ರೂಢಿ. ಬಣ್ಣ ಅನ್ನುವುದು ಕಂಪನಿ ಹಾಕುವ ಡೈ, ಅಷ್ಟೇ. ಯಾವ ಬಣ್ಣಕ್ಕೆ ಯಾವ ರಾಸಾಯನಿಕ ಅಂತ ಎಲ್ಲರೂ ಪಾಲಿಸುವ ನಿಯಮ ಇಲ್ಲ. ಟೊಯೋಟಾದಲ್ಲಿ ಸಾಮಾನ್ಯವಾಗಿ ಪಿಂಕ್, ಹೋಂಡಾದಲ್ಲಿ ನೀಲಿ ಇರುತ್ತದೆ. ಆದರೆ ಅದೇ ಪಿಂಕ್ ಬಣ್ಣದಲ್ಲಿ ಬೇರೆ ಕಂಪನಿಯ ಡಬ್ಬಿಯೊಳಗೆ ಇರುವುದು ಬೇರೆಯೇ ಆಗಿರಬಹುದು.

ನೋಡಬೇಕಾದದ್ದು ಒಳಗಿನ ತುಕ್ಕುನಿರೋಧಕ ಯಾವ ಬಗೆಯದ್ದು ಅಂತ. ಹಳೆ ಬಗೆಯಲ್ಲಿ ಸಿಲಿಕೇಟ್‌ನಂಥ ಲವಣಗಳು ಇರುತ್ತವೆ, ಹೆಚ್ಚಾಗಿ ಎರಡು ವರ್ಷ ಬಾಳಿಕೆ. ಹೊಸ ಬಗೆಯಲ್ಲಿ ಸಾವಯವ ಆಮ್ಲಗಳು. ಅದಕ್ಕೆ ಒಎಟಿ ಅನ್ನುತ್ತಾರೆ, ಸಾಮಾನ್ಯವಾಗಿ ಐದು ವರ್ಷದ ತನಕ ಬರುತ್ತದೆ. ಎರಡೂ ಸೇರಿಸಿದ ಮಿಶ್ರ ಬಗೆಗಳೂ ಇವೆ. ಒಂದಕ್ಕೊಂದು ಬೆರೆಸಿದರೆ ಒಂದರ ಗುಣವನ್ನು ಇನ್ನೊಂದು ಕೆಡಿಸುತ್ತದೆ. ಕೆಲವು ಸಲ ಜೆಲ್ಲಿ ಕಟ್ಟಿ ರೇಡಿಯೇಟರಿನ ಸಣ್ಣ ನಾಳಗಳು ಮುಚ್ಚಿಹೋಗುತ್ತವೆ. ಕಾರಿನ ಕೈಪಿಡಿಯಲ್ಲಿ ಯಾವ ಸ್ಪೆಸಿಫಿಕೇಶನ್ ಬರೆದಿದೆಯೋ ಅದು ಡಬ್ಬಿಯ ಮೇಲೂ ಇದೆಯಾ ಅಂತ ಹೋಲಿಸಿ. ಕೈಪಿಡಿ ಕಳೆದುಹೋಗಿದ್ದರೆ ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ, ಒಳಗೇನಿದೆ ಗೊತ್ತಿಲ್ಲ ಅನ್ನುವವರು ಊಹೆ ಮೇಲೆ ಟಾಪ್ ಅಪ್ ಮಾಡಬೇಡಿ. ಒಮ್ಮೆ ಪೂರ್ತಿ ಇಳಿಸಿ, ಫ್ಲಶ್ ಮಾಡಿಸಿ (ಒಳಗೆಲ್ಲ ತೊಳೆಸಿ), ಹೊಸದು ತುಂಬಿಸಿ. ಆಮೇಲಿನ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ಇನ್ನೊಂದು ಗೊಂದಲ: ಪ್ರೀಮಿಕ್ಸ್ ಮತ್ತು ಕಾನ್ಸಂಟ್ರೇಟ್. ಪ್ರೀಮಿಕ್ಸ್ ಅಂದರೆ ನೀರು ಬೆರೆಸಿಯೇ ಬಂದದ್ದು, ನೇರ ಸುರಿಯಬಹುದು. ಕಾನ್ಸಂಟ್ರೇಟ್‌ಗೆ ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ ನೀರು ಸೇರಿಸಬೇಕು, ಸಾಮಾನ್ಯವಾಗಿ ಅರ್ಧಕ್ಕರ್ಧ. "ಗಟ್ಟಿ ಹಾಕಿದಷ್ಟೂ ಒಳ್ಳೆಯದು" ಅನ್ನುವುದು ತಪ್ಪು. ಕೂಲಂಟಿನ ಮುಖ್ಯ ಭಾಗವಾದ ಎಥಿಲೀನ್ ಗ್ಲೈಕಾಲ್ ನೀರಿನಷ್ಟು ಚೆನ್ನಾಗಿ ಬಿಸಿ ಸಾಗಿಸುವುದಿಲ್ಲ. ನೀರೇ ಇಲ್ಲದೆ ಹಾಕಿದರೆ ಇಂಜಿನ್ ಇನ್ನೂ ಜಾಸ್ತಿ ಕಾಯುತ್ತದೆ. ಮನೆ ಬಳಕೆಗೆ ನನ್ನ ಸಲಹೆ ಪ್ರೀಮಿಕ್ಸ್. ಸ್ವಲ್ಪ ದುಡ್ಡು ಜಾಸ್ತಿ ಹೋಗುತ್ತದೆ, ತಲೆನೋವು ಇಲ್ಲ.

ಬೆರೆಸುವ ನೀರು

ಕಾನ್ಸಂಟ್ರೇಟ್ ತಂದಿದ್ದರೆ ಡಿಸ್ಟಿಲ್ಡ್ ವಾಟರ್ ಅಥವಾ ಡಿಮಿನರಲೈಸ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಸಿ ಲೋಹದ ಮೇಲೆ ಬಿಳಿ ಪದರವಾಗಿ ಕೂರುತ್ತವೆ. ನೀರು ಕಾಯಿಸುವ ಹಂಡೆಯ ತಳ ನೋಡಿದ್ದೀರಲ್ಲ, ಅದೇ ಇಂಜಿನ್ ಒಳಗೂ ಆಗುತ್ತದೆ. ಕಬ್ಬಿಣದ ಅಂಶ ಇರುವ ನೀರು ಇನ್ನೂ ಕೆಟ್ಟದು. ಕುದಿಸಿ ಆರಿಸಿದ ನೀರಿನಲ್ಲೂ ಲವಣಗಳು ಉಳಿದಿರುತ್ತವೆ. ಫಿಲ್ಟರ್ ನೀರು ಕುಡಿಯೋಕೆ ಸರಿ, ಇದಕ್ಕಲ್ಲ.

ಒಳ್ಳೆ ಸುದ್ದಿ ಏನೆಂದರೆ, ಮಳೆಗಾಲದ ಕರೆಂಟ್ ಕಾಟದಿಂದ ಇಲ್ಲಿ ಹೆಚ್ಚಿನ ಮನೆಗಳಲ್ಲಿ ಇನ್ವರ್ಟರ್ ಇದೆ. ಅದರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನೇ ಇದಕ್ಕೂ ಆಗುತ್ತದೆ. ಒಂದೇ ಎಚ್ಚರ: ಬ್ಯಾಟರಿ ಆಸಿಡ್ ಕೂಡ ಅಂಥದ್ದೇ ಕ್ಯಾನಿನಲ್ಲಿ ಬರುತ್ತದೆ. ಲೇಬಲ್ ಓದದೆ ಸುರಿಯಬೇಡಿ. ಮನೆಯಲ್ಲಿ ಇಲ್ಲದಿದ್ದರೆ ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಯಾವ ಪೇಟೆಯ ಬ್ಯಾಟರಿ ಅಂಗಡಿಯಲ್ಲಾದರೂ ಕೇಳಿ.

ಹೆಜ್ಜೆ 1: ಗಾಡಿ ತಣ್ಣಗಿರಲಿ, ನೆಲ ಸಮ ಇರಲಿ

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡುವುದೇ ಒಳ್ಳೆಯದು. ಓಡಿಸಿ ಬಂದ ಗಾಡಿಯಾದರೆ ಗಂಟೆಗಟ್ಟಲೆ ಬಿಡಿ. ಬಾನೆಟ್ ತಣ್ಣಗಾಯಿತು ಅಂತ ಒಳಗಿನದು ತಣ್ಣಗಾಗಿರುವುದಿಲ್ಲ. ರೇಡಿಯೇಟರಿನ ಮೇಲಿನ ದಪ್ಪ ಪೈಪ್ ಮುಟ್ಟಿ ನೋಡಿ. ಅದು ಬಿಸಿ ಇದ್ದರೆ ಇನ್ನೂ ಕಾಯಬೇಕು.

ಸಮ ನೆಲ ಅಂತ ಹೇಳುವುದು ಸುಲಭ, ಕೊಡಗಿನಲ್ಲಿ ಸಿಗುವುದು ಕಷ್ಟ. ಮನೆ ಮುಂದಿನ ಅಂಗಳವೂ ಇಳಿಜಾರೇ. ಗಾಡಿ ಓರೆಯಾಗಿ ನಿಂತರೆ ಟ್ಯಾಂಕಿನ ಮಟ್ಟವೂ ಓರೆಯಾಗಿ ಕಾಣುತ್ತದೆ. ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇರುವುದೇ ನಾಲ್ಕೈದು ಸೆಂಟಿಮೀಟರ್, ಅದರಲ್ಲಿ ಈ ಓರೆ ದೊಡ್ಡ ವ್ಯತ್ಯಾಸ ಮಾಡುತ್ತದೆ. ಕಾಫಿ ಒಣಗಿಸುವ ಕಣ ಇದ್ದರೆ ಅಲ್ಲಿ ನಿಲ್ಲಿಸಿ, ನೀರು ಹರಿಯೋಕೆ ಬಿಟ್ಟ ಸ್ವಲ್ಪ ವಾಟ ಬಿಟ್ಟರೆ ಹೆಚ್ಚು ಕಡಿಮೆ ಸಮ ಇರುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಿ ಕಣ ಖಾಲಿ ಇರುವುದಿಲ್ಲ, ಆಗ ಪೆಟ್ರೋಲ್ ಬಂಕೇ ಗತಿ. ಬಂಕ್‌ಗೆ ಹೋಗುವಷ್ಟರಲ್ಲಿ ಇಂಜಿನ್ ಕಾದಿರುತ್ತದೆ, ಹಾಗಾಗಿ ಅಲ್ಲಿ ಮಟ್ಟ ಮಾತ್ರ ನೋಡಿ. ಮುಚ್ಚಳ ಮುಟ್ಟಬೇಡಿ. ಇದೆರಡೂ ಆಗದಿದ್ದರೆ ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಗೆರೆಗಿಂತಲೂ ಹಿಂದಿನ ಸಲಕ್ಕೂ ಈ ಸಲಕ್ಕೂ ಏನು ವ್ಯತ್ಯಾಸ ಅನ್ನುವುದು ಮುಖ್ಯ.

ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಲೆಕ್ಟ್ರಿಕ್ ಫ್ಯಾನ್ ಇಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗಬಹುದು. ಅದರ ಹತ್ತಿರ ಕೈ, ಶಾಲು, ಜಡೆ ಯಾವುದೂ ಬೇಡ.

ಹೆಜ್ಜೆ 2: ಸರಿಯಾದ ಟ್ಯಾಂಕ್ ಯಾವುದು

ಬಾನೆಟ್ ಕೆಳಗೆ ಪ್ಲಾಸ್ಟಿಕ್ ಟ್ಯಾಂಕುಗಳು ಎರಡು ಮೂರು ಕಾಣುತ್ತವೆ. ಗಾಜು ಮತ್ತು ಕಾರಂಜಿಯ ಚಿತ್ರ ಇದ್ದರೆ ಅದು ವೈಪರ್ ನೀರಿನದ್ದು. ಡ್ರೈವರ್ ಮುಂದೆ, ಬಾನೆಟ್ ಒಳಗಿನ ಹಿಂಬದಿ ಗೋಡೆಗೆ ಅಂಟಿಕೊಂಡಂತೆ ಇರುವ ಚಿಕ್ಕದು ಬ್ರೇಕ್ ಆಯಿಲ್‌ನದ್ದು. ಕೂಲಂಟ್ ಟ್ಯಾಂಕಿನ ಮುಚ್ಚಳದ ಮೇಲೆ ಥರ್ಮಾಮೀಟರ್ ಚಿತ್ರವೋ, ಬಿಸಿ ಇದ್ದಾಗ ತೆರೆಯಬೇಡಿ ಅನ್ನುವ ಎಚ್ಚರಿಕೆಯೋ ಇರುತ್ತದೆ. ಅದರಿಂದ ಹೊರಟ ಪೈಪ್ ರೇಡಿಯೇಟರಿಗೋ ಇಂಜಿನ್‌ಗೋ ಹೋಗಿರುತ್ತದೆ. ಬ್ರೇಕ್ ಆಯಿಲ್ ಟ್ಯಾಂಕಿಗೆ ಕೂಲಂಟ್ ಬಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ ಕರೆಸಬೇಕು. ಸ್ವಲ್ಪ ದೂರ ಓಡಿಸಿ ನೋಡುತ್ತೇನೆ ಅನ್ನುವ ಮಾತೇ ಇಲ್ಲ.

ನಿಮ್ಮದು ಎರಡರಲ್ಲಿ ಯಾವ ಬಗೆ ಅಂತಲೂ ತಿಳಿದುಕೊಳ್ಳಿ. ಹಳೆ ಗಾಡಿಗಳಲ್ಲಿ ರೇಡಿಯೇಟರ್ ಮೇಲೆಯೇ ಲೋಹದ ಮುಚ್ಚಳ ಇರುತ್ತದೆ, ಪಕ್ಕದಲ್ಲಿ ಒತ್ತಡ ಇಲ್ಲದ ಪ್ಲಾಸ್ಟಿಕ್ ಡಬ್ಬಿ. ಇಂಜಿನ್ ಕಾದಾಗ ಹಿಗ್ಗಿದ ಕೂಲಂಟ್ ಡಬ್ಬಿಗೆ ಹೋಗುತ್ತದೆ, ಆರಿದಾಗ ವಾಪಸ್ ಬರುತ್ತದೆ. ಹೊಸ ಗಾಡಿಗಳಲ್ಲಿ ಹೆಚ್ಚಾಗಿ ಟ್ಯಾಂಕೇ ಒತ್ತಡ ಹಿಡಿಯುತ್ತದೆ, ಮುಚ್ಚಳ ಅದರ ಮೇಲೇ ಇರುತ್ತದೆ.

ಮೊದಲ ಬಗೆಯಲ್ಲಿ ಒಂದು ಮೋಸ ಇದೆ. ಮುಚ್ಚಳದ ಒಳಗಿನ ಸಣ್ಣ ವಾಲ್ವ್ ಕೆಟ್ಟರೆ ಕೂಲಂಟ್ ಡಬ್ಬಿಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಡಬ್ಬಿ ತುಂಬಿ ಕಾಣುತ್ತದೆ, ರೇಡಿಯೇಟರ್ ಒಳಗೆ ಖಾಲಿ. ಹಾಗಾಗಿ ಹಳೆ ಗಾಡಿ ಇದ್ದವರು ಆಗಾಗ, ಪೂರ್ತಿ ತಣ್ಣಗಿರುವಾಗ, ರೇಡಿಯೇಟರ್ ಮುಚ್ಚಳವನ್ನೂ ತೆರೆದು ನೋಡಬೇಕು. ಕೂಲಂಟ್ ಕುತ್ತಿಗೆಯ ತನಕ ಇರಬೇಕು.

ಹೆಜ್ಜೆ 3: ಮಟ್ಟ ಓದುವುದು

ಮಟ್ಟ ಮಿನ್ ಮತ್ತು ಮ್ಯಾಕ್ಸ್ ನಡುವೆ ಇದ್ದರೆ ಸರಿ. ಕೆಲವು ಗಾಡಿಗಳಲ್ಲಿ ಲೋ, ಫುಲ್ ಅಂತ ಇರುತ್ತದೆ. ಹೊಸ ಗಾಡಿಯಲ್ಲಿ ಇದು ಒಂದು ನೋಟದ ಕೆಲಸ.

ಹತ್ತು ವರ್ಷ ಹಳೆಯ ಗಾಡಿಯಲ್ಲಿ ಹಾಗಲ್ಲ. ಪ್ಲಾಸ್ಟಿಕ್ ಹಳದಿಗಟ್ಟಿ ಒಳಗೆ ಏನೂ ಕಾಣುವುದಿಲ್ಲ. ಜೊತೆಗೆ ವರ್ಷಗಟ್ಟಲೆ ಕೂಲಂಟ್ ನಿಂತ ಕಡೆ ಒಳಗೋಡೆಯ ಮೇಲೆ ಕಂದು ಗೆರೆ ಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ಅದೇ ಮಟ್ಟ ಅನ್ನಿಸುತ್ತದೆ. ಟ್ಯಾಂಕ್ ಪೂರ್ತಿ ಒಣಗಿದ್ದರೂ ಆ ಗೆರೆ ಅಲ್ಲೇ ಇರುತ್ತದೆ. ಟಾರ್ಚನ್ನು ಟ್ಯಾಂಕಿನ ಹಿಂದೆ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಗಾಡಿಯ ಮೂಲೆ ಒತ್ತಿ ಅಲುಗಾಡಿಸಿ. ಅಲುಗುವ ಗೆರೆ ನಿಜವಾದ ಮಟ್ಟ, ಅಲುಗದ್ದು ಕಲೆ. ಏನೂ ಅಲುಗದಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಬಾಯಿತನಕ ತುಂಬಿದೆ. ಮುಚ್ಚಳ ತೆರೆದೇ ನೋಡಬೇಕು.

ಹೆಜ್ಜೆ 4: ಮುಚ್ಚಳ ತೆರೆಯುವುದು

ಬಿಸಿ ಇಂಜಿನ್ನಿನ ಮುಚ್ಚಳ ತೆರೆಯಲೇಬಾರದು. ಯಾಕೆ ಅಂತ ಗೊತ್ತಿದ್ದರೆ ನೆನಪಿರುತ್ತದೆ. ಒಳಗೆ ಒತ್ತಡ ಇರುವುದರಿಂದ 100 ಡಿಗ್ರಿ ದಾಟಿದ ಕೂಲಂಟ್ ಕೂಡ ಕುದಿಯದೆ ದ್ರವವಾಗಿಯೇ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿಯುತ್ತದೆ, ಅಷ್ಟೂ ಒಟ್ಟಿಗೆ ಕುದಿದು ಹಬೆಯಾಗಿ ಮುಖಕ್ಕೆ ಹಾರುತ್ತದೆ. ಬಗ್ಗಿ ನೋಡುತ್ತಿರುವವರಿಗೆ ಹಿಂದೆ ಸರಿಯೋಕೂ ಸಮಯ ಸಿಗುವುದಿಲ್ಲ.

ತಣ್ಣಗಿದ್ದರೂ ಇದೇ ಕ್ರಮ ಇಟ್ಟುಕೊಳ್ಳಿ. ಬಟ್ಟೆಯನ್ನು ಮಡಿಸಿ ಮುಚ್ಚಳದ ಮೇಲೆ ಹಾಕಿ. ಮುಖ ಪಕ್ಕಕ್ಕೆ ತಿರುಗಿಸಿ. ಕಾಲು ಸುತ್ತು ತಿರುಗಿಸಿ ನಿಲ್ಲಿಸಿ. ಉಸ್ಸ್ ಅಂತ ಸದ್ದು ಬಂದರೆ ಅದು ಪೂರ್ತಿ ನಿಲ್ಲುವ ತನಕ ಕಾದು, ಆಮೇಲೆ ತೆಗೆಯಿರಿ. ಹಳೆ ಲೋಹದ ಮುಚ್ಚಳಕ್ಕೆ ಎರಡು ಹಂತ ಇದೆ: ಮೊದಲ ಹಂತದಲ್ಲಿ ಒತ್ತಡ ಹೋಗುತ್ತದೆ, ನಂತರ ಕೆಳಗೆ ಒತ್ತಿ ತಿರುಗಿಸಿದರೆ ಕೈಗೆ ಬರುತ್ತದೆ.

ಕೈಗೆ ಬಂದ ಮುಚ್ಚಳವನ್ನು ಪಕ್ಕಕ್ಕೆ ಇಡುವ ಮುಂಚೆ ತಿರುಗಿಸಿ ನೋಡಿ. ರಬ್ಬರ್ ಬಿರುಕು ಬಿಟ್ಟಿದೆಯಾ, ಗಟ್ಟಿಯಾಗಿದೆಯಾ? ಸ್ಪ್ರಿಂಗ್ ತುಕ್ಕು ಹಿಡಿದಿದೆಯಾ? ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಒತ್ತಡದ ಅಂಕಿ ಇರುತ್ತದೆ. ಬದಲಾಯಿಸುವುದಾದರೆ ಅದೇ ಅಂಕಿಯದ್ದು ತನ್ನಿ. ಮುಚ್ಚಳ ಚಿಕ್ಕದು, ಬೆಲೆಯೂ ಕಮ್ಮಿ. ಅದು ಸರಿ ಇಲ್ಲದಿದ್ದರೆ ಮಾತ್ರ ಎಂಥ ಒಳ್ಳೆ ಕೂಲಂಟ್ ಹಾಕಿದರೂ ಘಾಟಿಯಲ್ಲಿ ಕುದಿಯುತ್ತದೆ.

ಹೆಜ್ಜೆ 5: ಒಳಗಿರುವುದನ್ನು ಓದುವುದು

ಟಿಶ್ಯೂವಿನ ತುದಿ ಅದ್ದಿ ಬೆಳಕಿಗೆ ಹಿಡಿಯಿರಿ. ಬಣ್ಣ ಸ್ವಚ್ಛ, ಆಚೆಯದು ಕಾಣುವಷ್ಟು ತಿಳಿ ಇದ್ದರೆ ಚೆನ್ನಾಗಿದೆ. ಬಣ್ಣವೇ ಇಲ್ಲದಿದ್ದರೆ ಯಾರೋ ನೀರು ತುಂಬಿದ್ದಾರೆ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ತುಕ್ಕು. ಕಪ್ಪು ಪುಡಿ ಇದ್ದರೆ ಪೈಪಿನ ರಬ್ಬರ್ ಒಳಗಿನಿಂದ ಕಿತ್ತು ಬರುತ್ತಿದೆ. ಜೆಲ್ಲಿ ಇದ್ದರೆ ಬೇರೆ ಬೇರೆ ಬಗೆ ಬೆರೆತಿದೆ. ಇಷ್ಟರಲ್ಲಿ ಯಾವುದು ಕಂಡರೂ ಟಾಪ್ ಅಪ್ ಮಾಡಿ ಪ್ರಯೋಜನ ಇಲ್ಲ, ಪೂರ್ತಿ ಬದಲಾಯಿಸಬೇಕು. ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ವಿಷಯ ಗಂಭೀರ. ಗಾಡಿ ತೆಗೆಯದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಹೆಜ್ಜೆ 6: ತುಂಬುವುದು

ಆಲಿಕೆ ಇಟ್ಟು ನಿಧಾನ ಸುರಿಯಿರಿ. ಸ್ವಲ್ಪ ಹಾಕಿ, ನಿಲ್ಲಿಸಿ, ಮಟ್ಟ ಕೂರೋಕೆ ಬಿಡಿ, ಮತ್ತೆ ಹಾಕಿ. ಮಿನ್ ಮತ್ತು ಮ್ಯಾಕ್ಸ್ ನಡುವೆ, ಮ್ಯಾಕ್ಸ್‌ಗೆ ಸ್ವಲ್ಪ ಕೆಳಗೆ ನಿಲ್ಲಿಸಿ. ಮೇಲಿನ ಖಾಲಿ ಜಾಗ ಬೇಕೇ ಬೇಕು, ಕಾದಾಗ ಕೂಲಂಟ್ ಹಿಗ್ಗುತ್ತದೆ. ಬಾಯಿತನಕ ತುಂಬಿದರೆ ಹೆಚ್ಚಾದದ್ದು ಹೊರಗೆ ಚೆಲ್ಲುತ್ತದೆ, ಆಮೇಲೆ ನೀವೇ ಸೋರಿಕೆ ಅಂತ ಹುಡುಕುತ್ತಾ ಕೂರುತ್ತೀರಿ.

ರೇಡಿಯೇಟರ್ ಮುಚ್ಚಳ ಇರುವ ಗಾಡಿಯಾದರೆ ಮೊದಲು ರೇಡಿಯೇಟರ್ ತುಂಬಿ, ಆಮೇಲೆ ಡಬ್ಬಿ. ಮುಚ್ಚಳವನ್ನು ನಿಲ್ಲುವ ತನಕ ಬಿಗಿ ಮಾಡಿ. ಕೆಲವದರಲ್ಲಿ ಟಿಕ್ ಅನ್ನುತ್ತದೆ. ಚೆಲ್ಲಿದ್ದನ್ನು ನೀರು ಹಾಕಿ ಒರೆಸಿ, ಇಲ್ಲದಿದ್ದರೆ ನಾಳೆ ಅದನ್ನೂ ಸೋರಿಕೆ ಅಂದುಕೊಳ್ಳುತ್ತೀರಿ.

ಈಗ ಒಂದು ತುಂಡು ಬಿಳಿ ಟೇಪನ್ನು ಟ್ಯಾಂಕಿಗೆ ಅಂಟಿಸಿ. ಮಟ್ಟದ ಗೆರೆ ಎಳೆಯಿರಿ, ತಾರೀಖು ಮತ್ತು ಎಷ್ಟು ಹಾಕಿದಿರಿ ಅನ್ನುವುದನ್ನು ಬರೆಯಿರಿ. ತೋಟದ ಗಾಡಿಯನ್ನು ನಾಲ್ಕು ಜನ ಓಡಿಸುತ್ತಾರೆ, ಯಾರು ಯಾವಾಗ ಎಷ್ಟು ಸುರಿದರು ಅಂತ ಯಾರಿಗೂ ನೆನಪಿರುವುದಿಲ್ಲ.

ಹೆಜ್ಜೆ 7: ಗಾಳಿ ಹೊರಗೆ ಹಾಕುವುದು

ಅರ್ಧ ಲೋಟದಷ್ಟು ಹಾಕಿದ್ದರೆ ಈ ಹೆಜ್ಜೆ ಬಿಡಬಹುದು. ಟ್ಯಾಂಕ್ ಖಾಲಿಯಾಗಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಮುಚ್ಚಳ ಹಾಕಿ, ಸ್ಟಾರ್ಟ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಇಂಜಿನ್ ಕಾದು ಫ್ಯಾನ್ ಒಮ್ಮೆ ತಿರುಗಿ ನಿಲ್ಲುವ ತನಕ ಬಿಡಿ. ಹೀಟರಿನಿಂದ ಒಂದೇ ಸಮ ಬಿಸಿ ಗಾಳಿ ಬರಬೇಕು. ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಮಟ್ಟ ನೋಡಿ. ಗಾಳಿ ಹೋದಷ್ಟು ಮಟ್ಟ ಇಳಿದಿರುತ್ತದೆ. ಆಗ ಇನ್ನೊಮ್ಮೆ ಸ್ವಲ್ಪ ಹಾಕಬೇಕು. ಕೆಲವು ಗಾಡಿಗಳಲ್ಲಿ ಗಾಳಿ ಬಿಡಿಸೋಕೆ ಬೇರೆ ಸ್ಕ್ರೂ ಇರುತ್ತದೆ, ಅದಕ್ಕೆ ಕೈಪಿಡಿ ನೋಡಿ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ಕೂಲಂಟ್ ಬೇರೆಯದೇ, ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

ಎಲ್ಲಿ ಹೋಯಿತು?

ಟೇಪಿನ ಗೆರೆಗಿಂತ ಮಟ್ಟ ಮತ್ತೆ ಇಳಿದಿದೆ ಅಂದುಕೊಳ್ಳಿ. ಮೊದಲು ಗಾಡಿ ನಿಂತ ಜಾಗ ನೋಡಿ. ಎಸಿ ಹಾಕಿ ಬಂದಾಗ ಕೆಳಗೆ ತೊಟ್ಟಿಕ್ಕುವ ನೀರು ಬಣ್ಣ ಇಲ್ಲದ್ದು, ವಾಸನೆ ಇಲ್ಲದ್ದು. ಅದು ಸಹಜ. ಕೂಲಂಟ್ ಆದರೆ ಬೆರಳಿಗೆ ಜಾರುತ್ತದೆ, ಬಣ್ಣ ಇರುತ್ತದೆ, ಸಿಹಿ ವಾಸನೆ ಬರುತ್ತದೆ. ಮಳೆಗಾಲದಲ್ಲಿ ನೆಲವೆಲ್ಲ ಒದ್ದೆ, ಏನೂ ಗೊತ್ತಾಗುವುದಿಲ್ಲ. ರಾತ್ರಿ ಶೆಡ್ಡಿನೊಳಗೆ ಗಾಡಿ ಕೆಳಗೆ ಒಂದು ಹಳೆ ರಟ್ಟು ಹಾಸಿ, ಬೆಳಿಗ್ಗೆ ನೋಡಿ.

ರಟ್ಟು ಒಣಗಿದ್ದರೂ ನಿಶ್ಚಿಂತೆ ಅಲ್ಲ. ಎಷ್ಟೋ ಸೋರಿಕೆ ಬಿಸಿ ಇದ್ದಾಗ ಮಾತ್ರ ಆಗುತ್ತದೆ, ನೆಲಕ್ಕೆ ಬೀಳುವ ಮುಂಚೆ ಆರಿಹೋಗುತ್ತದೆ. ಪೈಪು ಕ್ಲಿಪ್ ಸೇರುವಲ್ಲಿ, ರೇಡಿಯೇಟರಿನ ಲೋಹವೂ ಪ್ಲಾಸ್ಟಿಕ್ಕೂ ಕೂಡುವ ಅಂಚಿನಲ್ಲಿ, ವಾಟರ್ ಪಂಪಿನ ಕೆಳಗೆ ಟಾರ್ಚ್ ಹಿಡಿದು ನೋಡಿ. ಒಣಗಿದ ಕೂಲಂಟ್ ಬಿಳಿ, ಪಿಂಕ್ ಅಥವಾ ಹಸಿರು ಪುಡಿಯಾಗಿ ಅಂಟಿರುತ್ತದೆ. ಅದರ ಜಾಡು ಹಿಡಿದು ಮೇಲಕ್ಕೆ ಹೋದರೆ ಸೋರುವ ಜಾಗ ಸಿಗುತ್ತದೆ. ಪಂಪಿನಲ್ಲಿ ಒಂದು ಸಣ್ಣ ತೂತು ಇರುವುದೇ ಇದಕ್ಕೆ: ಒಳಗಿನ ಸೀಲ್ ಹೋದರೆ ಅಲ್ಲಿಂದ ಒಸರುತ್ತದೆ. ಆ ತೂತನ್ನು ಮುಚ್ಚಿದರೆ ರಿಪೇರಿ ಆಗುವುದಿಲ್ಲ, ಪಂಪ್ ಬದಲಾಯಿಸಬೇಕು.

ತಣ್ಣಗಿರುವಾಗ ಪೈಪುಗಳನ್ನು ಹಿಸುಕಿ ನೋಡಿ. ಗಟ್ಟಿಯಾಗಿ ಕರಕರ ಅಂದರೆ, ಇಲ್ಲವೇ ತೀರಾ ಮೆತ್ತಗಾಗಿದ್ದರೆ ಆಯುಸ್ಸು ಮುಗಿದಿದೆ. ಮೇಲಿನ ಪೈಪ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಪೈಪ್ ತಪ್ಪಲ್ಲ, ಮುಚ್ಚಳದ ವಾಲ್ವ್ ಕಚ್ಚಿಕೊಂಡಿದೆ. ತೋಟದ ಮನೆಗಳಲ್ಲಿ ಇಲಿ ಕಡಿದ ಗುರುತನ್ನೂ ಹುಡುಕಿ. ಹೊರಗೆ ಬಿಡದ ಮಳೆಯಲ್ಲಿ ಬೆಚ್ಚಗಿನ ಬಾನೆಟ್‌ಗಿಂತ ಒಳ್ಳೆ ಜಾಗ ಅವಕ್ಕೆ ಎಲ್ಲಿ ಸಿಗಬೇಕು?

ಮುಂದಿನ ಮೂರು ಲಕ್ಷಣಗಳಲ್ಲಿ ನಮ್ಮ ಹವೆಯೇ ದಾರಿ ತಪ್ಪಿಸುತ್ತದೆ.

ಗಾಜಿನ ಒಳಗೆ ಮಂಜು ಕಟ್ಟುವುದು. ಭಾಗಮಂಡಲದ ಜುಲೈ ಮಳೆಯಲ್ಲಿ ಎಲ್ಲ ಗಾಡಿಗಳ ಗಾಜೂ ಮಂಜಾಗುತ್ತದೆ. ಅದು ಎಸಿ ಹಾಕಿದರೆ ಹೋಗುತ್ತದೆ. ಹೀಟರಿನ ಒಳಭಾಗ ಸೋರುತ್ತಿದ್ದರೆ ಗಾಜಿನ ಮೇಲೆ ಜಿಡ್ಡು ಕೂರುತ್ತದೆ, ಒರೆಸಿದರೂ ಸವರಿಕೊಳ್ಳುತ್ತದೆ. ಒಳಗೆ ಸಿಹಿ ವಾಸನೆ ಇರುತ್ತದೆ. ಮುಂದಿನ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ: ಮಳೆ ನೀರಾದರೆ ಬರೀ ಒದ್ದೆ, ಕೂಲಂಟ್ ಆದರೆ ಅಂಟಂಟು.

ಸೈಲೆನ್ಸರಿನ ಬಿಳಿ ಹೊಗೆ. ಚಳಿಯ ಬೆಳಿಗ್ಗೆ ಆರೋಗ್ಯವಂತ ಗಾಡಿಯೂ ಬಿಳಿ ಹಬೆ ಬಿಡುತ್ತದೆ. ಒಂದೆರಡು ಕಿಲೋಮೀಟರ್ ಓಡಿದ ಮೇಲೆ ನಿಲ್ಲಬೇಕು. ಇಂಜಿನ್ ಪೂರ್ತಿ ಕಾದ ಮೇಲೂ ದಟ್ಟ ಬಿಳಿ ಹೊಗೆ, ಅದರಲ್ಲಿ ಸಿಹಿ ವಾಸನೆ, ಜೊತೆಗೆ ಕೂಲಂಟ್ ಇಳಿಕೆ ಇದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗದ ನಡುವಿನ ಸೀಲ್) ಹೋಗಿರುವ ಸಂಶಯ.

ಆಯಿಲ್ ಮುಚ್ಚಳದ ಕೆಳಗಿನ ಬಿಳಿ ನೊರೆ. ಇಂಟರ್ನೆಟ್ ನೋಡಿದವರು ಇದನ್ನು ಕಂಡ ಕೂಡಲೇ ಇಂಜಿನ್ ಹೋಯಿತು ಅಂತ ಹೆದರುತ್ತಾರೆ. ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಮಾತ್ರ ಓಡುವ ಗಾಡಿಯ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ನಮ್ಮ ಗಾಳಿಯ ತೇವ ಮುಚ್ಚಳದ ಕೆಳಗೆ ನೀರಾಗಿ, ಆಯಿಲ್ ಜೊತೆ ಸೇರಿ ನೊರೆಯಾಗುತ್ತದೆ. ಡಿಪ್ ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ. ಅದರ ಮೇಲಿನ ಆಯಿಲ್ ಸ್ವಚ್ಛ ಇದ್ದು, ಕೂಲಂಟ್ ಮಟ್ಟ ಇಳಿಯದೇ ಇದ್ದರೆ ಮೈಸೂರಿನ ತನಕ ಒಮ್ಮೆ ಹೋಗಿ ಬನ್ನಿ, ನೊರೆ ಹೋಗುತ್ತದೆ. ಡಿಪ್ ಸ್ಟಿಕ್ಕಿನ ಆಯಿಲೂ ಹಾಲು ಬೆರೆತಂತೆ ಇದ್ದರೆ ಗಾಡಿ ಅಲ್ಲಾಡಿಸಬೇಡಿ.

ಇನ್ನು ಸೋರಿಕೆಯೇ ಇಲ್ಲ, ಆದರೂ ಗಾಡಿ ಕಾಯುತ್ತದೆ ಅನ್ನುವವರು ರೇಡಿಯೇಟರಿನ ಮುಂಭಾಗ ನೋಡಿ. ತೋಟದ ರಸ್ತೆಯ ಕೆಂಪು ಮಣ್ಣು, ಹುಳು, ಒಣ ಎಲೆ ಸೇರಿ ಜಾಲರಿ ಮುಚ್ಚಿರುತ್ತದೆ. ಇಂಜಿನ್ ಕಡೆಯಿಂದ ಹೊರಗಡೆಗೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಶರ್ ಹೊಡೆದರೆ ತೆಳ್ಳನೆಯ ಜಾಲರಿ ಮಡಚಿಕೊಳ್ಳುತ್ತದೆ. ಹಳೆ ಜೀಪಿನಲ್ಲಿ ಫ್ಯಾನ್ ಬೆಲ್ಟ್ ಸಡಿಲ ಆಗಿದೆಯಾ ಅಂತಲೂ ಒತ್ತಿ ನೋಡಿ.

ಘಾಟಿಯಲ್ಲಿ ಕಾದರೆ

ಎಲ್ಲ ಗಾಡಿಗಳಲ್ಲೂ ಟೆಂಪರೇಚರ್ ಮುಳ್ಳು ಇಲ್ಲ. ಕೆಲವದರಲ್ಲಿ ಬರೀ ದೀಪ: ತಣ್ಣಗಿದ್ದಾಗ ನೀಲಿ, ತೀರಾ ಕಾದಾಗ ಕೆಂಪು. ಮುಳ್ಳು ಏರೋಕೆ ಶುರುವಾದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ಹಾಕಿ, ಕಿಟಕಿ ಇಳಿಸಿ. ಸೆಕೆ ಆಗುತ್ತದೆ, ಆದರೆ ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ ಅಲ್ವಾ? ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಕೂಲಂಟ್ ಅಲ್ಲಿಗೆ ತಲುಪುತ್ತಲೇ ಇಲ್ಲ, ಕೂಡಲೇ ನಿಲ್ಲಿಸಬೇಕು.

ಕೆಂಪು ದೀಪ ಬಂದರೆ, ಹಬೆ ಕಂಡರೆ, ಅಗಲವಾದ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ತಿರುವಿನಲ್ಲಿ ಬೇಡ, ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲೂ ಬೇಡ. ಚಕ್ರಕ್ಕೆ ಕಲ್ಲು ಕೊಡಿ. ಹಬೆ ನಿಂತ ಮೇಲೆ ಬಾನೆಟ್ ಎತ್ತಿ ಹಾಗೇ ಬಿಡಿ. ಮುಚ್ಚಳ ಮುಟ್ಟೋಕೆ ಮುಕ್ಕಾಲು ಗಂಟೆಯಾದರೂ ಕಾಯಿರಿ, ಪೈಪ್ ಮುಟ್ಟಿ ನೋಡಿ. ಝರಿ ನೀರು ತಂದು ಇಂಜಿನ್ ಮೇಲೆ ಸುರಿಯುವವರನ್ನು ತಡೆಯಿರಿ. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ಕೂಲಂಟ್ ಕೈಯಲ್ಲಿ ಇಲ್ಲದಿದ್ದರೆ? ಕುಡಿಯುವ ನೀರಿನ ಬಾಟಲಿ ಸುರಿಯಿರಿ, ಅದೂ ಇಲ್ಲದಿದ್ದರೆ ಝರಿಯ ತಿಳಿ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಿ. ಇಷ್ಟು ಹೊತ್ತು ನೀರು ಬೇಡ ಅಂದವನೇ ಈಗ ಹಾಕಿ ಅನ್ನುತ್ತಿದ್ದೇನೆ. ಇಂಜಿನ್ ಸುಟ್ಟು ಹೋಗುವುದಕ್ಕಿಂತ ಅದು ಮೇಲು. ಆದರೆ ಊರು ಮುಟ್ಟಿದ ಮೇಲೆ ಆ ವಾರವೇ ಪೂರ್ತಿ ಇಳಿಸಿ ಹೊಸ ಕೂಲಂಟ್ ಹಾಕಿಸಬೇಕು. ತಿತಿಮತಿಯಿಂದ ಆನೆಚೌಕೂರು ಕಡೆಗೆ ಆನೆ ಓಡಾಡುವ ಕಾಡು, ಇಳಿದು ಬಾನೆಟ್ ಎತ್ತುವ ಜಾಗ ಅಲ್ಲ. ಆ ದಾರಿ ಹಿಡಿಯುವ ದಿನ ಮನೆಯಲ್ಲೇ ನೋಡಿಕೊಂಡು ಹೊರಡಿ. ಡಿಕ್ಕಿಯಲ್ಲಿ ಒಂದು ಲೀಟರ್ ಪ್ರೀಮಿಕ್ಸ್ ಇರಲಿ.

ನಾಯಿ, ಮಕ್ಕಳು, ತೋಡು

ಎಥಿಲೀನ್ ಗ್ಲೈಕಾಲ್ ಸಿಹಿ, ಮತ್ತು ವಿಷ. ಚೆಲ್ಲಿದ್ದನ್ನು ನಾಯಿ ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯಬಹುದು, ಸ್ವಲ್ಪವೇ ಸಾಕು. ತೋಟದ ಮನೆಗಳಲ್ಲಿ ನಾಯಿ ಇಲ್ಲದ ಅಂಗಳ ಅಪರೂಪ, ಹಾಗಾಗಿ ಕೆಲಸ ಮುಗಿಯುವ ತನಕ ಕಟ್ಟಿಹಾಕಿ. ಉಳಿದ ಕೂಲಂಟನ್ನು ಅದರ ಡಬ್ಬಿಯಲ್ಲೇ ಇಡಿ. ಜ್ಯೂಸ್ ಬಾಟಲಿಗೋ, ಮನೆಯಲ್ಲಿ ಮಾಡಿದ ವೈನ್ ತುಂಬುವ ಬಾಟಲಿಗೋ ಸುರಿದಿಡಬೇಡಿ. ಯಾರಾದರೂ ಕುಡಿದರೆ ಲಕ್ಷಣ ಕಾಣಲಿ ಅಂತ ಕಾಯದೆ ಡಬ್ಬಿ ಸಮೇತ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಳೆ ಕೂಲಂಟನ್ನು ತೋಡಿಗೆ, ಚರಂಡಿಗೆ ಬಿಡಬೇಡಿ. ನಮ್ಮ ಹೆಚ್ಚಿನ ತೋಡುಗಳು ಕೊನೆಗೆ ಸೇರುವುದು ಕಾವೇರಿಗೆ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಹಳೆ ಆಯಿಲ್ ಜೊತೆ ಬೆರೆಸಬೇಡಿ.

ಮೆಕ್ಯಾನಿಕ್ ಹತ್ತಿರ ಏನು ಕೇಳಬೇಕು

"ಕೂಲಂಟ್ ಕಮ್ಮಿ ಆಗ್ತಿದೆ" ಅಂತ ಮಾತ್ರ ಹೇಳಿದರೆ ತುಂಬಿಸಿ ಕಳಿಸುತ್ತಾರೆ. ಟೇಪ್ ತೋರಿಸಿ: ಈ ತಾರೀಖಿಗೆ ಇಷ್ಟಿತ್ತು, ಈಗ ಇಷ್ಟಿದೆ. ಪ್ರೆಶರ್ ಟೆಸ್ಟ್ ಮಾಡಿ ಅಂತ ಕೇಳಿ. ಮುಚ್ಚಳದ ಜಾಗಕ್ಕೆ ಕೈಪಂಪ್ ಜೋಡಿಸಿ ಒತ್ತಡ ಕೊಟ್ಟು ಬಿಡುತ್ತಾರೆ, ಮುಳ್ಳು ಇಳಿದರೆ ಸೋರಿಕೆ ಇದೆ, ಒಸರುವ ಜಾಗವೂ ಕಾಣುತ್ತದೆ. ಮುಚ್ಚಳವನ್ನೂ ಅದೇ ಪಂಪಿನಲ್ಲಿ ಪರೀಕ್ಷಿಸಬಹುದು. ಹೊರಗೆ ಎಲ್ಲೂ ಸಿಗದಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ. ಟ್ಯಾಂಕಿನ ಬಾಯಿಗೆ ನೀಲಿ ದ್ರವದ ಗಾಜಿನ ಕೊಳವೆ ಇಟ್ಟು ಒಳಗಿನ ಗಾಳಿ ಎಳೆಯುತ್ತಾರೆ. ಇಂಜಿನ್ನಿನ ಸುಟ್ಟ ಅನಿಲ ಕೂಲಂಟಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ.

ಸೋರಿಕೆ ನಿಲ್ಲಿಸುವ ಪುಡಿ, ದ್ರವ ಹಾಕಿ ಕಳಿಸುತ್ತೇನೆ ಅಂದರೆ ಬೇಡ ಅನ್ನಿ. ಅದು ತೂತಿನ ಜೊತೆ ಹೀಟರಿನ ಸಣ್ಣ ನಾಳಗಳನ್ನೂ ಮುಚ್ಚಬಹುದು. ಪೈಪ್ ಬದಲಾಯಿಸುವುದಾದರೆ ಕ್ಲಿಪ್ ಕೂಡ ಹೊಸದು ಹಾಕಿಸಿ. ತುಂಬುವಾಗ ನಲ್ಲಿ ನೀರು ಬೇಡ, ನಾನೇ ತಂದಿದ್ದೇನೆ ಅಂತ ಡಬ್ಬಿಯನ್ನು ಮುಂಚೆಯೇ ಕೈಗೆ ಕೊಡಿ.